ಚಿಕ್ಕಮ್ಮನಿಗೆ ಸಿಗದ ಕೊಲೆಗಾರ

ಬಸ್ಸಿನ ಕಿಟಕಿ ಪಕ್ಕ ಮುದುಡಿ ಕೂತಿದ್ದ ಹುಡುಗಿಯ ಕಿವಿಗೆ ಮುಂದಿನ ಸೀಟಿನ ಮಾತು ತಾನಾಗಿಯೇ ಬಿತ್ತು. ಅಲ್ಲಿದ್ದವರು ಔಷಧಿ ಅಂಗಡಿಯ ಬಿಳಿ ಕೋಟು ತೊಟ್ಟ ಯುವತಿ ಮತ್ತು ಅವಳ ಚಿಕ್ಕಮ್ಮ. ಯುವತಿ ಬರೆದ ಮೊದಲ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಚಿಕ್ಕಮ್ಮನ ತೊಡೆಯ ಮೇಲಿತ್ತು.

"ಕೊನೇ ಅಧ್ಯಾಯ ನನ್ನ ಹತ್ರಾನೇ ಇರ್ಲಿ. ಕೊಲೆ ಮಾಡಿದ್ದು ಯಾರು, ಹೇಳು ಚಿಕ್ಕಮ್ಮ."

"ನನ್ನನ್ನೇ ಪರೀಕ್ಷೆ ಮಾಡ್ತೀಯೇನೇ? ಕೆನೆ ಕದ್ದು ತಿಂದು ಬೆಕ್ಕಿನ ಮೂತಿಗೆ ಸವರಿಡ್ತಿದ್ದವಳು ನೀನು. ಒಂದ್ಸಲಾನಾದ್ರೂ ನನ್ನ ಕಣ್ಣಿಗೆ ಮಣ್ಣೆರಚೋಕೆ ಆಯ್ತಾ?"

"ಅದಕ್ಕೇ ಕೇಳ್ತಿರೋದು. ನೀನು ಕಂಡುಹಿಡಿದ್ರೆ ಪ್ರಕಾಶಕರಿಗೆ ಕೊಡಲ್ಲ, ವಾಪಸ್ ಮನೆಗೆ."

"ಇಷ್ಟು ದಿನ ನಿದ್ದೆಗೆಟ್ಟು ಬರ್ದಿದ್ದೆಲ್ಲ?"

"ಎಲ್ಲಾನೂ. ಬೇಗ ಹೇಳು, ಸ್ಟಾಪ್ ಬಂತು."

"ಕಾಂಪೌಂಡರ್. ಅವನು ಹಲ್ಕಿರಿಯೋದು ಓದಿದಾಗ್ಲೇ ಗೊತ್ತಾಯ್ತು."

"ಅಲ್ಲ."

"ಸುಳ್ಳು ಹೇಳ್ಬೇಡ. ಹಾಗಾದ್ರೆ ಆ ಸೊಸೆ."

"ಅವಳೂ ಅಲ್ಲ." ಯುವತಿ ಚಿಕ್ಕಮ್ಮನ ತೊಡೆಯಿಂದ ಹಾಳೆಗಳನ್ನು ಎತ್ತಿಕೊಂಡಳು. "ಚಿಕ್ಕಮ್ಮ, ನೀನು ಸೋತೆ. ಏಳು, ಕೊಟ್ಟೇಬಿಡೋಣ."

"ಯಾರು ಅಂತ ಹೇಳಿ ಆಮೇಲೆ ಹೋಗೇ."

"ಅಚ್ಚಾದ್ಮೇಲೆ ಕೊಂಡ್ಕೊಂಡು ಓದು."

ಇಬ್ಬರೂ ಇಳಿದರು. ಯುವತಿ ಹಾಳೆಗಳನ್ನು ಎದೆಗವಚಿಕೊಂಡು ಪ್ರಕಾಶಕರ ಕಚೇರಿಯ ಮೆಟ್ಟಿಲನ್ನು ಓಡುತ್ತಲೇ ಹತ್ತಿದಳು. ಬಸ್ಸು ಹೊರಟಿತು. ಹುಡುಗಿ ನಾಚಿಕೆ ಬಿಟ್ಟು ಕಿಟಕಿಯಿಂದ ಕತ್ತು ಚಾಚಿದಳು. ಚಿಕ್ಕಮ್ಮ ಕೆಳಗಿನ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಕೂಗುತ್ತಿದ್ದರು:

"ಆ ಡಾಕ್ಟ್ರೇನೇ? ಅಷ್ಟಾದ್ರೂ ಹೇಳೇ..."