ತಂಗಿಯ ಗಂಡು ಕೇಳಿದ ಪ್ರಶ್ನೆ

ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯುತ್ತಿದ್ದ ದರ್ಜಿಯಮ್ಮನಿಗೆ ದವಡೆ ಸಿಡಿಯುತ್ತಿತ್ತು. ಆದರೂ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರ ಪಿಸುಮಾತು ಶುರುವಾದದ್ದೇ ತಡ, ಆಕೆಯ ಕಿವಿ ಅತ್ತ ವಾಲಿತು.

"ನಿನ್ನ ಹುಡುಗ ನಿನ್ನೆ ಮತ್ತೆ ನನ್ನ ಕೆಲಸದ ವಿಷಯ ತೆಗೆದ."

"ಅತ್ತಿಗೆ ಆಗೋರು ಅಂತ ವಿಚಾರಿಸ್ತಾರೆ. ಅದೂ ತಪ್ಪಾ?"

"ಆರೋಗ್ಯ ವಿಚಾರಿಸಲಿ. ನಮ್ಮ ಕಂಪನಿ ಸೈನ್ಯಕ್ಕೆ ಎಂಥ ರೇಡಿಯೋ ಮಾಡಿಕೊಡುತ್ತೆ, ಅದರ ನಕ್ಷೆ ಯಾರ ಹತ್ರ ಇರುತ್ತೆ, ಇದೆಲ್ಲ ಅವನಿಗ್ಯಾಕೆ? ಹೊರಗೆ ಬಾಯಿಬಿಡಲ್ಲ ಅಂತ ಸರ್ಕಾರಕ್ಕೆ ಬರೆದುಕೊಟ್ಟಿದ್ದೀವಿ ಕಣೇ."

"ನಿನಗೆ ಎಲ್ಲರ ಮೇಲೂ ಅನುಮಾನ. ಅಮ್ಮ ನಿನ್ನ ಬೀರು ಒರೆಸಿದ್ರೂ ಬೆನ್ನ ಹಿಂದೆ ನಿಂತಿರ್ತೀಯ."

"ಆಫೀಸಿನ ಲ್ಯಾಪ್‌ಟಾಪ್ ಅದರಲ್ಲಿದೆ, ಅದಕ್ಕೆ. ಸರಿ, ಅವನಿಗೆ ಫೋನ್ ಮಾಡು. ಅಕ್ಕ ಕೆಲಸ ಬಿಟ್ಟಳು ಅನ್ನು. ಬೇರೇನೂ ಹೇಳಬೇಡ."

ತಂಗಿ ಮುಖ ಊದಿಸಿಕೊಂಡೇ ಫೋನ್ ಮಾಡಿ ಹಾಗೇ ಹೇಳಿದಳು. ಆಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡಳು.

"ಏನಂದ?"

"ಯಾಕೆ ಬಿಟ್ಟರು ಅಂತಲೂ ಕೇಳಲಿಲ್ಲ ಅಕ್ಕ. ಲ್ಯಾಪ್‌ಟಾಪ್ ವಾಪಸ್ ಕೊಟ್ರಾ, ಇನ್ನೂ ಬೀರುವಿನಲ್ಲೇ ಇದೆಯಾ ಅಂದ್ರು."

"ಬೀರು ವಿಷಯ ಅವನಿಗೆ ಹೇಗೆ ಗೊತ್ತು?"

"ನಾನೇ... ಯಾವತ್ತೋ ಮಾತಿಗೆ ಮಾತು ಬಂದು ಹೇಳಿದ್ದೆ."

"ಈಗ ಎಲ್ಲಿದ್ದಾನಂತೆ?"

"ನಮ್ಮನೇಲಿ. ಅಮ್ಮನ್ನ ಮಾತಾಡಿಸಿಕೊಂಡು ಹೋಗೋಣ ಅಂತ ಬಂದ್ರಂತೆ."

ನರ್ಸ್ ಬಂದು ತಂಗಿಯನ್ನು ಒಳಗೆ ಕರೆಯುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು. ಮೆಟ್ಟಿಲಿಳಿಯುತ್ತಿದ್ದ ಅಕ್ಕನ ದನಿ ಮಾತ್ರ ದರ್ಜಿಯಮ್ಮನಿಗೆ ಕೇಳಿಸಿತು:

"ಅಮ್ಮಾ, ಅವನು ನಿನ್ನ ಎದುರಿಗೇ ಕೂತಿದ್ದಾನೆ ತಾನೆ?... ಇಲ್ವಾ? ನನ್ನ ರೂಮಲ್ಲಿದ್ದಾನಾ?"