ಸೀಲಿನ ಬಾಯಿಗೆ ಹಾಕದ ನೀರು

ಇದು ಯಾರೋ ಕಟ್ಟಿದ ಕತೆಯಲ್ಲ... ನಮ್ಮ ಚಿಕ್ಕಪ್ಪನ ಮಗ ಐಪಿಲಿಗೇ ಆದದ್ದು. ದೀಪ ಸಣ್ಣ ಮಾಡಿ, ಹೇಳುತ್ತೇನೆ.

ಆ ರಾತ್ರಿ ಐಪಿಲಿ ಅತಿಥಿಗಳನ್ನು ಡೇರೆಗೆ ಬಿಟ್ಟು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದು ಮನೆಗೆ ಬರುತ್ತಿದ್ದ. ಕೆರೆಯ ನಡುವೆ ಕುಡಿಯುವ ನೀರಿಗೆ ಕೊರೆದ ತೂತು. ನಮ್ಮೂರಿಗೆ ಬಾವಿ ಅಂದರೆ ಅದೇ.

ಅತಿಥಿಗಳು ದಕ್ಷಿಣದ ಪಟ್ಟಣದವರು. ಹಿಮದಲ್ಲಿ ಬದುಕುವುದನ್ನು ನಮ್ಮ ಇನ್ಯೂಟ್ ಜನರಿಂದ ಕಲಿಯಬೇಕಂತೆ! ಬೆಳಿಗ್ಗೆ ಐಪಿಲಿ ಅವರೆದುರು ಕಡಲಲ್ಲಿ ಒಂದು ಸೀಲ್ ಬೇಟೆಯಾಡಿದ್ದ. ಸೀಲ್ ಉಪ್ಪುನೀರಲ್ಲಿ ಬಾಳುವ ಪ್ರಾಣಿ, ಅದಕ್ಕೆ ಸದಾ ದಾಹ. ನಮಗಾಗಿ ಸತ್ತ ಮೇಲೆ ಅದರ ಬಾಯಿಗೆ ಒಂದು ಗುಟುಕು ಸಿಹಿನೀರು ಹಾಕದೆ ನಮ್ಮಲ್ಲಿ ಯಾರೂ ಚೂರಿ ಮುಟ್ಟುವುದಿಲ್ಲ.

"ಸತ್ತದ್ದಕ್ಕೆ ನೀರು ಯಾಕಪ್ಪಾ?" ಅಂತ ಅತಿಥಿಯೊಬ್ಬ ನಕ್ಕ.

ಐಪಿಲಿಗೆ ನಾಚಿಕೆಯಾಯಿತು. "ಏ, ಅದೆಲ್ಲ ಮುದುಕಿಯರ ಮಾತು ಬಿಡಿ" ಅಂತ ತಾನೂ ನಕ್ಕು ಚೂರಿ ಎಳೆದುಬಿಟ್ಟ. ಕಲಿಸೋಕೆ ಹೋದವನ ಬುದ್ಧಿ ನೋಡಿ!

ಸಂಜೆ ಮಾಂಸ ಕೊಟ್ಟಾಗ ತಾಯಿ ಉಲಾಯುಕ್ ಕೇಳಿದಳು, "ನೀರು ಕೊಟ್ಟೆಯೇನೋ ಮಗಾ?"

"ಹೂಂ ಅಮ್ಮ. ಕೊಟ್ಟೆ."

ಆಕೆ ನಂಬಿ ಉಂಡಳು. ಆಮೇಲೆ ಅವನು ಅತಿಥಿಗಳನ್ನು ಡೇರೆಗೆ ಬಿಡಲು ಹೊರಟ.

ಮನೆಗೆ ಮರಳುತ್ತಾ ಕೆರೆಯ ತೂತಿನ ಹತ್ತಿರ ಬಂದಾಗ... ಪುಸ್... ಸೀಲ್ ಉಸಿರು ಬಿಡುವ ಸದ್ದು. ಕೆರೆಯಲ್ಲಿ ಎಲ್ಲಿಯ ಸೀಲ್? ಬೆನ್ನ ಹಿಂದೆ ಹಿಮ ಕರಕರ ಅಂದಿತು. ಅವನು ನಿಂತ. ಕರಕರ ನಿಲ್ಲಲಿಲ್ಲ.

"ಯಾ... ಯಾರದು?"

"ಬಾಯಾರಿಕೆ..."

ತಿರುಗಿ ನೋಡುವ ಧೈರ್ಯ ಬರಲಿಲ್ಲ. ಅಲ್ಲೇ ಇದ್ದ ಬಕೆಟ್ಟಲ್ಲಿ ನೀರು ಮೊಗೆದು ಬೆನ್ನ ಹಿಂದೆ ಹಿಡಿದ. ಗಟ... ಗಟ... ಗಟ. ಬಕೆಟ್ಟು ಹಗುರಾಯಿತು. ಮತ್ತೆ ಮೊಗೆದ. ಮತ್ತೆ ಹಗುರ. ಕೈ ಮರಗಟ್ಟಿತು.

"ತಪ್ಪಾಯ್ತು..." ಅಂದ, ಅಳುತ್ತಾ. "ಅವರೆದುರು ನಾಚಿಕೆ ಆಯ್ತು..."

ಕಿವಿಯ ಪಕ್ಕದಲ್ಲೇ ಒದ್ದೆ ಉಸಿರು. ಪುಸ್...

"ನೀರು ಕೊಟ್ಟೆ ಅಂತ ನಿಮ್ಮಮ್ಮನಿಗೆ ಹೇಳಿದೆಯಂತೆ?"

ಬಕೆಟ್ಟು ಎಸೆದು ಓಡಿದ. ಮನೆಗೆ ಬಂದವನೇ ತಾಯಿಯ ಕಾಲ ಬಳಿ ಕುಸಿದು ನಿಜ ಹೇಳಿದ. ಉಲಾಯುಕ್ ಬೈಯಲಿಲ್ಲ. ನೀರಿನ ಲೋಟ ಅವಳ ಕೈಯಲ್ಲೇ ಇತ್ತು.

"ಗೊತ್ತಾಯ್ತು ಕಣೋ" ಅಂದಳು, ಮೆಲ್ಲಗೆ. "ಊಟ ಆದಾಗಿಂದ ಕುಡೀತಾನೇ ಇದೀನಿ... ದಾಹ ಹೋಗ್ತಾ ಇಲ್ಲ."

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮರುದಿನ ಬೆಳಿಗ್ಗೆ ಅವರ ಮನೆಗೆ ನಾನೇ ಹೋಗಿದ್ದೆ. ಮನೆಯ ನೀರಿನ ಪೀಪಾಯಿ ಖಾಲಿ. ಇನ್ನೂ ನೀರು ಕೇಳುತ್ತಿದ್ದ ಆಕೆಯ ತುಟಿಗಳ ಮೇಲೆ, ಉಪ್ಪುನೀರಲ್ಲಿ ಬಾಳಿದವಳ ಹಾಗೆ, ಬಿಳಿ ಉಪ್ಪು ಕಟ್ಟಿತ್ತು.