ಬಿಚ್ಚಬಾರದಿದ್ದ ಟ್ಯೂಬಿನ ಪಟ್ಟಿ

ಹೇಳಿಕೆ ಕೊಟ್ಟವರು: ಬೈಕ್ ಗ್ಯಾರೇಜಿನ ಮೆಕ್ಯಾನಿಕ್, ಗ್ಯಾರೇಜು ಮಾಲೀಕರ ಅಕ್ಕನ ಮಗಳು. ವಯಸ್ಸು: ಇಪ್ಪತ್ತಮೂರು. ವಾಸ: ಗ್ಯಾರೇಜಿನ ಮೇಲಿನ ಮಹಡಿ.

ಠಾಣಾಧಿಕಾರಿಗಳ ಮುಂದೆ, ಯಾರ ಒತ್ತಾಯವೂ ಇಲ್ಲದೆ ಹೇಳುವುದೇನೆಂದರೆ:

ನಾನು ಚಿಕ್ಕಂದಿನಿಂದ ಸೋದರಮಾವನ ಮನೆಯಲ್ಲಿ ಬೆಳೆದವಳು. ಕೆಲಸ ಕಲಿಸಿದವರೂ ಅವರೇ. ಗ್ಯಾರೇಜಿನಲ್ಲಿ ನಮ್ಮಿಬ್ಬರ ಜೊತೆ ಒಬ್ಬ ಫಿಟ್ಟರ್ ಇದ್ದಾರೆ. ಅವರನ್ನು ನಾನು ಅಣ್ಣ ಎನ್ನುತ್ತೇನೆ. ನಿನ್ನೆಯಿಂದ ಅವರು ಇದೇ ಠಾಣೆಯಲ್ಲಿದ್ದಾರೆ.

ಮೊನ್ನೆ ಮಧ್ಯಾಹ್ನ ಬೈಕ್ ಸವಾರರ ಕ್ಲಬ್ಬಿನ ಮುಖ್ಯಸ್ಥರು, ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವವರು, ತಮ್ಮ ಕ್ರೂಸರ್ ಬೈಕ್ ತಂದರು. ಅಷ್ಟು ಭಾರದ ಗಾಡಿಗೆ ಮುಂದಿನ ಚಕ್ರಕ್ಕೆ ಬ್ರೇಕಿನ ಒಂದೇ ಸಣ್ಣ ಡಿಸ್ಕ್ ಇತ್ತು. ಬ್ರೇಕ್ ಹಿಡಿದರೆ ಗಾಡಿ ನಿಲ್ಲುವುದಿಲ್ಲ, ನಿಲ್ಲೋಣವೇ ಬೇಡವೇ ಎಂದು ಯೋಚನೆಗೆ ಕೂರುತ್ತದೆ ಎಂದು ಅವರು ನಗುತ್ತ ಹೇಳಿದರು. ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಬ್ರೇಕ್ ಎಣ್ಣೆ ಹರಿಯುವ ಹೊಸ ಹೋಸ್ ಹಾಕಲು ಒಪ್ಪಿಕೊಂಡೆವು. ಕ್ಯಾಲಿಪರ್ ಎಂದರೆ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಭಾಗ.

ಸಂಜೆ ಏಳರ ಹೊತ್ತಿಗೆ ಅಣ್ಣ ಎಲ್ಲವನ್ನೂ ಕೂರಿಸಿದರು. ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿದಷ್ಟಕ್ಕೇ ಬಿಟ್ಟರು. ಬ್ರೇಕ್ ಲಿವರನ್ನು ಅದುಮಿ, ಹಳೇ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲ್ಲಿಗೆ ಬಿಗಿದು ಕಟ್ಟಿದರು. ಇದು ನಮ್ಮ ಗ್ಯಾರೇಜಿನ ಪದ್ಧತಿ. ರಾತ್ರಿಯಿಡೀ ಹೀಗಿದ್ದರೆ ಹೋಸಿನಲ್ಲಿ ಉಳಿದ ಗಾಳಿ ಮೇಲೇರುತ್ತದೆ, ಕ್ಯಾಲಿಪರ್ ಡಿಸ್ಕಿನ ನೇರಕ್ಕೆ ತಾನಾಗಿ ಕೂರುತ್ತದೆ. ಬೆಳಿಗ್ಗೆ ಮೊದಲು ಬೋಲ್ಟ್ ಬಿಗಿದು, ಆಮೇಲೆ ಪಟ್ಟಿ ಬಿಚ್ಚುತ್ತೇವೆ. ಕಟ್ಟಿದವರೇ ಬಿಚ್ಚಬೇಕು. ಈ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವಳು ನಾನು. ಕೆಳಗೆ, ದುಡಿದ ಕೈಯದೇ ಕೊನೆಯ ಮಾತು ಎಂದೂ ಬರೆದಿದ್ದೆ. ಮಾವ ನನ್ನನ್ನು ಕರಪತ್ರ ಎಂದೇ ಕರೆಯುತ್ತಾರೆ.

ನಿನ್ನೆ ಬೆಳಿಗ್ಗೆ 7.40ಕ್ಕೆ ಕೆಳಗಿಳಿದಾಗ ಕ್ರೂಸರ್ ಇರಲಿಲ್ಲ. ಟ್ಯೂಬಿನ ಪಟ್ಟಿ ಮಾವನ ಹೆಗಲ ಮೇಲಿತ್ತು. ಕ್ಯಾಪ್ಟನ್ ಕ್ಲಬ್ಬಿನ ಸವಾರಿಗೆ ಮುಂದಾಳಾಗಿ ಹೋಗಬೇಕೆಂದು ಅವಸರ ಮಾಡಿದರು, ದೊಡ್ಡ ಮನುಷ್ಯರನ್ನು ಕಾಯಿಸುವುದು ಹೇಗೆಂದು ಈಗಷ್ಟೇ ನಾನೇ ಬಿಚ್ಚಿ ಕೊಟ್ಟೆ, ಲಿವರ್ ಕಲ್ಲಿನ ಹಾಗೆ ಗಟ್ಟಿಯಿತ್ತು ಎಂದು ಮಾವ ಹೇಳಿದರು. ಬೋಲ್ಟ್ ಬಿಗಿದಿರಾ ಎಂದು ಕೇಳಿದೆ. ಅವರು ಮೊಳೆಗೆ ತೂಗುಹಾಕಿದ್ದ ಸ್ಪ್ಯಾನರನ್ನು ನೋಡಿದರು. ಅಣ್ಣ ಆಗ ಇನ್ನೂ ಕೆಲಸಕ್ಕೆ ಬಂದಿರಲಿಲ್ಲ.

ಕ್ಯಾಪ್ಟನ್ ಫೋನ್ ಎತ್ತಲಿಲ್ಲ. ಮಾವನ ಸ್ಕೂಟರ್ ತೆಗೆದುಕೊಂಡು ಅವರು ಹೋದ ದಾರಿಯಲ್ಲೇ ಹೊರಟೆ. ಹೆಲ್ಮೆಟ್ ಹಾಕಿರಲಿಲ್ಲ. ಅದಕ್ಕೆ ದಂಡ ಹಾಕುವುದಿದ್ದರೆ ಹಾಕಬಹುದು.

ಸುಮಾರು ಮೂರು ಕಿಲೋಮೀಟರ್ ದಾಟಿ, ಮೇಲ್ಸೇತುವೆಯ ಇಳಿಜಾರಿನಲ್ಲಿ ಅವರ ಪಕ್ಕಕ್ಕೆ ಬಂದೆ. ಕ್ಯಾಲಿಪರ್ ಅಲುಗಾಡುವುದು ಕಾಣುತ್ತಿತ್ತು. ಒಂದು ಬೋಲ್ಟ್ ಆಗಲೇ ಬಿದ್ದುಹೋಗಿತ್ತು. ಮುಂದಿನ ಬ್ರೇಕ್ ಮುಟ್ಟಬೇಡಿ, ಹಿಂದಿನದರಲ್ಲೇ ನಿಧಾನಿಸಿ ಎಂದು ಕೂಗಿದೆ. ಸೈಲೆನ್ಸರಿನ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಲಿವರಿನ ಕಡೆ ಬೆರಳು ತೋರಿಸಿ, ಮುಷ್ಟಿ ಹಿಡಿದು, ಬೇಡವೆಂದು ತಲೆಯಾಡಿಸಿದೆ. ಹೊಸ ಬ್ರೇಕ್ ಹೇಗಿದೆ ಎಂದು ಕೇಳುತ್ತಿದ್ದೇನೆ ಅಂದುಕೊಂಡರೋ ಏನೋ, ನಕ್ಕರು. ಎಡಗೈ ಹೆಬ್ಬೆರಳು ಎತ್ತಿದರು. ಆಮೇಲೆ ನನಗೆ ತೋರಿಸಲೆಂದೇ ಬಲಗೈಯಲ್ಲಿ ಲಿವರನ್ನು ಪೂರಾ ಅದುಮಿದರು.

ಕ್ಯಾಲಿಪರ್ ಕಿತ್ತುಬಂದು ಚಕ್ರದ ಕಡ್ಡಿಗಳಿಗೆ ಸಿಕ್ಕಿತು. ಗಾಡಿ ಮಗುಚಿತು. ಕ್ಯಾಪ್ಟನ್ನರ ಸೊಂಟದ ಮೂಳೆ ಮುರಿದಿದೆ, ಇನ್ನೂ ಮಾತಾಡುವ ಸ್ಥಿತಿಯಲ್ಲಿಲ್ಲ.

ಮುಷ್ಟಿ ಹಿಡಿದು ತೋರಿಸಿದ ಸಂಗತಿ ಹೇಳಿಕೆಗೆ ಬೇಕಿಲ್ಲ ಎಂದು ಅಧಿಕಾರಿಗಳು ಹೇಳಿದರು. ಬರೆಯಲೇಬೇಕೆಂದು ಕೇಳಿಕೊಂಡೆ. ಮಾವನ ತಪ್ಪನ್ನು ಹೇಳಿ ನನ್ನದನ್ನು ಬಿಟ್ಟರೆ ಅದು ಸತ್ಯವಲ್ಲ, ಚಾಡಿ.

ನಾನು ಆಸ್ಪತ್ರೆಯಲ್ಲಿದ್ದಾಗ ಪೊಲೀಸರು ಗ್ಯಾರೇಜಿಗೆ ಬಂದಿದ್ದರು. ಪಟ್ಟಿ ಬಿಚ್ಚಿ ಗಾಡಿ ಕೊಟ್ಟದ್ದು ಫಿಟ್ಟರ್ ಎಂದು ಮಾವ ಹೇಳಿದರಂತೆ. ಅಣ್ಣ ಮಾವನ ಮುಖವನ್ನೇ ನೋಡುತ್ತ ಜೀಪು ಹತ್ತಿದರೆಂದು ಅತ್ತೆ ತಿಳಿಸಿದರು.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಾವ, ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ, ಎರಡು ದಿನದಲ್ಲಿ ಬಿಡಿಸಿಕೊಂಡು ಬರುತ್ತೇನೆ, ನಾನು ಒಳಗೆ ಹೋದರೆ ಮನೆಮಂದಿಯೆಲ್ಲ ಬೀದಿಗೆ ಬೀಳುತ್ತೀರಿ, ನೀನೂ ಹಾಗೇ ಹೇಳು ಎಂದರು. ಯಾರೂ ಇಲ್ಲದವನ ಹೆಗಲು ಕಂಡಕಂಡವರು ಹೊರೆ ಇಳಿಸುವ ಕಟ್ಟೆಯಲ್ಲ ಎಂದೆ. ಅದಕ್ಕೆ ಮಾವ ಹೇಳಿದ ಮಾತನ್ನು ಇದ್ದ ಹಾಗೇ ಬರೆಸುತ್ತಿದ್ದೇನೆ:

“ನಿನ್ನ ಕೈಗೆ ಸ್ಪ್ಯಾನರ್ ಕೊಟ್ಟೋನು ನಾನು ಕಣೇ. ಅದೇ ಕೈಯಲ್ಲಿ ನನ್ನ ಮೇಲೆ ಸಹಿ ಹಾಕ್ತೀಯಾ?”

ಹೌದು ಎಂದೆ. ಅತ್ತೆ ಬಡಿಸುವುದನ್ನು ನಿಲ್ಲಿಸಿದರು.

ಇಂದು ಬೆಳಿಗ್ಗೆ ಮಾವನೇ ಸ್ಕೂಟರಿನಲ್ಲಿ ನನ್ನನ್ನು ಕರೆತಂದರು. ಠಾಣೆಯ ಬಾಗಿಲಲ್ಲಿ ನನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಅವರೇ ಬಿಚ್ಚಿದರು, ಶಾಲೆಗೆ ಬಿಡುವಾಗ ಬಿಚ್ಚುತ್ತಿದ್ದ ಹಾಗೆ. ಆಮೇಲೆ ಜೇಬಿನಿಂದ ಟ್ಯೂಬಿನ ಪಟ್ಟಿ ತೆಗೆದು ನನ್ನ ಕೈಗಿಟ್ಟರು.

“ಕರಪತ್ರ, ಇದನ್ನೂ ಕೊಟ್ಟುಬಿಡು.”

ಅದನ್ನು ಈ ಹೇಳಿಕೆಯ ಜೊತೆ ಒಪ್ಪಿಸಿದ್ದೇನೆ. ಅಣ್ಣನನ್ನು ಈಗಲೇ ಬಿಡಬೇಕು. ಮಾವ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಕರೆದರೆ ಬರುತ್ತಾರೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಕೂಡಿಸಿದ್ದೂ ಇಲ್ಲ, ಕಳೆದದ್ದೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಅಪಘಾತದ ಮರುದಿನ, ಬೆಳಿಗ್ಗೆ 10.15
ಸಹಿ: ಹೇಳಿಕೆ ಕೊಟ್ಟವಳು, ಸ್ವಂತ ಕೈಯಿಂದ